ಕಿಟಕಿಗೆ ಹೊಡೆದ ಸೊಳ್ಳೆಪರದೆ

ನಮ್ಮವ್ವನ ರೇಷ್ಮೆ ಹುಳದ ಮನೆಯ ಕಿಟಕಿಗೆ ಒಂದು ಸೊಳ್ಳೆಪರದೆಯ ತುಂಡು ಹೊಡೆದಿದೆ. ಪೇಟೆಯಲ್ಲಿ ಸಿಗುವ ಗಿಳಿ ಹಸಿರಿನದಲ್ಲ, ಮಿಲಿಟರಿಯವರ ಮಂಕು ಹಸಿರು. ಒಂದು ಅಂಚಿನಲ್ಲಿ ಕಪ್ಪು ಶಾಯಿಯ ಏನೋ ನಂಬರು, ಅದರ ಮೇಲೆಯೇ ಒಂದು ಮೊಳೆ. ಸಾತನೂರಿನ ಕಡೆ ಬಂದವರು ಯಾರಾದರೂ ನಮ್ಮ ಮನೆ ಹೊಕ್ಕು, ಅದನ್ನು ನೋಡಿ, "ಮೇಡಂ, ನೀವು ಸಾಹಿತ್ಯ ಪಾಠ ಮಾಡೋರು, ಇದು ಯಾತರ ಸಂಕೇತ?" ಅಂತ ಕೇಳಿದರೆ ಕಾಫಿ ಕೂಡ ಕೊಡದೆ ಕಳಿಸುತ್ತೇನೆ. ಅದು ಹುಳ ಕೊಲ್ಲುವ ಊಜಿ ನೊಣ ಒಳಗೆ ಬರದಿರಲಿ ಅಂತ ಹೊಡೆದ ಪರದೆ. ಅಷ್ಟೇ. ಅಷ್ಟೇ ಅನ್ನಲು ನನಗೆ ಬಹಳ ಕಷ್ಟವಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ರಾಮನಗರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಗಂಡನಿಗೆ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಅವರು ರಾತ್ರಿ ಪಾಳಿಗೆ ಹೋದ ದಿನಗಳಲ್ಲಿ ಓದಿಕೊಂಡು ಕೂತೂ ಕೂತೂ ನನಗೆ ಯುದ್ಧದ ಕತೆ, ಕಾದಂಬರಿಗಳ ಹುಚ್ಚು ಹಿಡಿಯಿತು. ಯಾವ ದೇಶದ ಯಾವ ಯುದ್ಧವಾದರೂ ಸರಿಯೇ. ಬಂದೂಕು, ಟ್ಯಾಂಕುಗಳ ಮೇಲೆ ನನಗೆ ಆಸೆಯಿಲ್ಲ. ನನ್ನ ಕಣ್ಣೆಲ್ಲ ಸಣ್ಣಪುಟ್ಟ ಸಾಮಾನಿನ ಮೇಲೆ: ಬಾಚಣಿಗೆ, ಸೋಪಿನ ಡಬ್ಬಿ, ಜೋಡಿ ತಪ್ಪಿದ ಕಾಲುಚೀಲ. ಯುದ್ಧದ ಕತೆ ಬರೆಯುವವರಿಗೆ ಸಾವನ್ನು ತಮ್ಮ ಬಾಯಲ್ಲೇ ಹೇಳುವುದು ಸಂಕಟ. ಅದಕ್ಕೆ ಇಂಥ ಸಾಮಾನುಗಳ ಕೈಯಲ್ಲಿ ಹೇಳಿಸುತ್ತಾರೆ. ಓದಿ ಓದಿ ನನಗೆ ಇದರ ಕಾನೂನೆಲ್ಲ ಬಾಯಿಪಾಠ. ಸಿಪಾಯಿಯೊಬ್ಬ ಜೇಬಿನಿಂದ ಹೆಂಡತಿಯ ಫೋಟೋ ತೆಗೆದು ಪಕ್ಕದವನಿಗೆ ತೋರಿಸಿದನೋ, ಮುಂದಿನ ಅಧ್ಯಾಯದಲ್ಲಿ ಅವನಿಲ್ಲ. ಬೀಡಿಯನ್ನು ಅರ್ಧಕ್ಕೆ ಆರಿಸಿ, ಆಮೇಲೆ ಸೇದಿದರಾಯಿತು ಅಂತ ಕಿವಿಗೆ ಸಿಕ್ಕಿಸಿಕೊಂಡನೋ, ಆ ಆಮೇಲೆ ಬರುವುದೇ ಇಲ್ಲ. ಇನ್ನು ರಜೆಗೆ ಬಂದವನು ಮನೆಯಲ್ಲಿ ಏನನ್ನಾದರೂ ಮರೆತು ಹೋದನೋ, ಮುಗಿಯಿತು. ಮರೆತ ಟವಲು, ಮರೆತ ಚಪ್ಪಲಿ, ಗೂಟದಲ್ಲಿ ಉಳಿದ ಅಂಗಿ. ಕೊನೆಯ ಪುಟದಲ್ಲಿ ತಾಯಿ ಅದನ್ನು ಎದೆಗವುಚಿಕೊಳ್ಳಲೇಬೇಕು. ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು, ಪರೀಕ್ಷೆಯಲ್ಲಿ ಕೇಳಿ, ಬಾಯಿಪಾಠ ಮಾಡಿ ಬಂದವರಿಗೆ ಧಾರಾಳವಾಗಿ ಅಂಕ ಕೊಟ್ಟವಳು ನಾನು.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ಓದುವ ಕಾಲದಲ್ಲಿ ನಾನೂ ಒಂದು ಯುದ್ಧದ ಕತೆ ಬರೆದುಬಿಟ್ಟಿದ್ದೆ. ಯುದ್ಧ ಹಾಗಿರಲಿ, ಆಗ ನಾನು ಸಂಗಮದ ಹೊಳೆ ದಾಟಿ ಆಚೆ ದಡ ಕಂಡವಳೂ ಅಲ್ಲ. ಕತೆಯ ನಾಯಕ ಮಾಗಡಿಯವನು. ಕೋಟೆ ಇರುವ ಊರಾದ್ದರಿಂದ ಸಿಪಾಯಿ ಅಲ್ಲಿಯವನೇ ಆಗಬೇಕು ಅಂತ ನನ್ನ ಲೆಕ್ಕಾಚಾರ. ಅವನು ಹೊರಡುವಾಗ ತಂಗಿ ಒಂದು ಚನ್ನಪಟ್ಟಣದ ಬುಗುರಿ ಕೊಡುತ್ತಾಳೆ, ಅರಗಿನ ಬಣ್ಣ ಮಿರಮಿರ ಮಿಂಚುವ ಕೆಂಪು ಬುಗುರಿ. ಕೊನೆಯಲ್ಲಿ ಅವನಿಲ್ಲ, ಹಿಮದ ಮೇಲೆ ಬುಗುರಿಯೊಂದೇ ತಿರುಗುತ್ತಿದೆ. ಹಿಮದ ಮೇಲೆ ಬುಗುರಿ ತಿರುಗುತ್ತದೆಯೇ ಅಂತ ನಾನೂ ಯೋಚಿಸಲಿಲ್ಲ, ಬಹುಮಾನ ಕೊಟ್ಟವರೂ ಯೋಚಿಸಲಿಲ್ಲ. ಬಹುಮಾನಕ್ಕೆ ಒಂದು ಗೋಡೆ ಗಡಿಯಾರ ಬಂತು. ಅದು ಈಗಲೂ ಅವ್ವನ ಅಡುಗೆಮನೆಯಲ್ಲಿ ತನಗಿಷ್ಟ ಬಂದ ಟೈಮು ತೋರಿಸಿಕೊಂಡು ಓಡುತ್ತಿದೆ.

ನನ್ನ ತಮ್ಮ ಲೋಕೇಶ, ಮನೆಯವರಿಗೆಲ್ಲ ಲೋಕಿ, ಸೈನ್ಯಕ್ಕೆ ಸೇರಿ ಮೊದಲನೆಯ ರಜೆಗೆ ಬಂದಾಗ ಆ ಕತೆಯನ್ನು ಎಲ್ಲಿಂದಲೋ ಹುಡುಕಿ ಓದಿದ. ಜಗಲಿಯ ಮಂಚದ ಮೇಲೆ ಕವುಚಿ ಮಲಗಿ ಓದುತ್ತಿದ್ದವನು ಬಿದ್ದು ಬಿದ್ದು ನಕ್ಕ.

"ಅಕ್ಕೋ, ಬುಗುರಿ ಜೋಬಲ್ಲಿ ಮಡಿಕ್ಕಂಡು ಯಾವನಕ್ಕ ಡ್ಯೂಟಿಗೆ ಓಗೋನು? ಕಿಟ್ ಚೆಕ್ ಮಾಡ್ವಾಗ ನಮ್ ಸುಬೇದಾರ್ ಸಾಹೇಬ್ರು ಅದೇ ಬುಗುರಿ ತಕ್ಕಂಡು ತಲೆಗೆ ಹೊಡೀತಾರೆ."

"ಅದು ಸಂಕೇತ ಕಣೋ."

"ಎಂತದ್ ಸಂಕೇತ? ಅಲ್ಲಿ ಎಲ್ರೂ ಜೀವ ಬುಡೋದು ನೇಲ್ ಕಟ್ಟರ್‌ಗೆ. ಇಡೀ ಬ್ಯಾರಕ್‌ನಲ್ಲಿ ಚೂಪಾಗಿರೋದು ಒಂದೇ ಇರ್ತದೆ. ಅದು ಕಾಣೆಯಾದ್ ದಿನ ನೋಡ್ಬೇಕು ನೀನು, ಅದು ಯುದ್ಧ ಅಂದ್ರೆ. ಅದ್ನ ಬರಿ." ಆಮೇಲೆ ಪುಸ್ತಕ ಮಡಚಿಟ್ಟು ಇನ್ನೊಂದು ಮಾತು ಹೇಳಿದ. "ನಿನ್ ಲೆಕ್ಕದಲ್ಲಿ ಸಾಮಾನ್ ಬುಟ್ಟೋದೋರೆಲ್ಲ ಗೊಟಕ್ ಅಂತಾರೆ ಅಲ್ವಾ? ಸರಿ ಬುಡು, ನಾನು ಒಂದ್ ಗುಂಡ್‌ಸೂಜಿನೂ ಬುಟ್ಟೋಗಕ್ಕಿಲ್ಲ."

ಅವನು ತಮಾಷೆಗೆ ಅಂದ. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅಲ್ಲಿಂದಾಚೆಗೆ ಲೋಕಿ ರಜೆ ಮುಗಿಸಿ ಹೊರಡುವ ದಿನ ನಾನು ಎಲ್ಲಿದ್ದರೂ ಊರಿಗೆ ಬರುವುದು, ಮನೆಯನ್ನು ಮೂಲೆ ಮೂಲೆ ಜಾಲಾಡುವುದು ರೂಢಿಯಾಯಿತು. ಹಲ್ಲುಜ್ಜುವ ಬ್ರಶ್ಶು, ಚಾರ್ಜರಿನ ವೈರು, ಸವೆದು ಬಿಲ್ಲೆಯಾದ ಸೋಪು, ಎಲ್ಲವನ್ನೂ ಬ್ಯಾಗಿಗೆ ತುರುಕುತ್ತಿದ್ದೆ. ಒಂದು ಸಲ ತಂತಿಯ ಮೇಲಿನ ಒದ್ದೆ ಬನಿಯನ್ನು ಹಿಡಿದುಕೊಂಡು ಕನಕಪುರದ ಬಸ್ಸಿನ ಹಿಂದೆ ಓಡಿದ್ದೇನೆ. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿ, "ಬನೀನು ಅಷ್ಟೊಂದ್ ಅರ್ಜೆಂಟಾ ಮೇಡಂ?" ಅಂದ. ಬಸ್ಸೆಲ್ಲ ನಕ್ಕಿತು. ಲೋಕಿ ಮಾತ್ರ ಕಿಟಕಿಯಿಂದ ಕೈಚಾಚಿ, ಮರ್ಯಾದೆ ಹೋದ ಮುಖ ಮಾಡಿಕೊಂಡು, ಬನಿಯನ್ನು ತೆಗೆದುಕೊಂಡ. ನಾನು ಏದುಸಿರು ಬಿಡುತ್ತಾ ನೆಮ್ಮದಿಯಿಂದ ಮನೆಗೆ ಬಂದೆ.

ಈ ಸಲ ಅವನು ಹೊರಟಾಗ ನಾನು ಊರಿನಲ್ಲಿರಲಿಲ್ಲ.

ರಜೆ ಇನ್ನೂ ಅರ್ಧ ಉಳಿದಿತ್ತು. ಗಡಿಯಲ್ಲಿ ಗಲಾಟೆ ಶುರುವಾಗಿ, ರಜೆಯಲ್ಲಿದ್ದವರೆಲ್ಲ ತಕ್ಷಣ ಹೊರಡಬೇಕು ಅಂತ ಫೋನು ಬಂತಂತೆ. ಉಣ್ಣುತ್ತಿದ್ದವನು ಎದ್ದು ಕೈತೊಳೆದು, ಬ್ಯಾಗಿಗೆ ಕೈಗೆ ಸಿಕ್ಕಿದ್ದು ತುಂಬಿಕೊಂಡು, ಯಾರದೋ ಬೈಕು ಹತ್ತಿ ಹೋಗಿಬಿಟ್ಟಿದ್ದ. ಸ್ಟೇಷನ್ನಿನಿಂದ ನನಗೆ ಫೋನು ಮಾಡಿದ. "ಅಲ್ಲಿಗೋದ್ಮ್ಯಾಲೆ ಫೋನ್ ಇರಕ್ಕಿಲ್ಲ ಕಣಕ್ಕ. ಟಿವಿ ನೋಡ್ಬ್ಯಾಡಿ. ಅವ್ವನ ಹುಳ ಹಣ್ಣಾಗೋ ಟೈಮು, ಒಸಿ ಹೋಗಿ ಜೊತೇಲಿರು." ಇಷ್ಟೇ. ಆಮೇಲೆ ಅವನ ಫೋನು ಸ್ವಿಚ್ ಆಫ್. ಕಾಲೇಜಿಗೆ ರಜೆ ಇತ್ತು. ಗಂಡನಿಗೆ ಒಂದಿಷ್ಟು ಚಿತ್ರಾನ್ನ ಮಾಡಿಟ್ಟು ನಾನು ಬಸ್ಸು ಹತ್ತಿದೆ.

ಊರಿಗೆ ಬಂದು ಗೇಟು ತೆಗೆದರೆ ಎದುರಿಗೇ ಜಗಲಿಯ ಮಂಚ. ಅದರ ನಾಲ್ಕು ಮೂಲೆಗೆ ದಾರ ಕಟ್ಟಿ ಇಳಿಬಿಟ್ಟ ಹಸಿರು ಸೊಳ್ಳೆಪರದೆ. ಒಳಗೆ ಯಾರೂ ಇಲ್ಲ. ತಲೆದಿಂಬಿನ ಮೇಲೆ ತಲೆಯಿಟ್ಟ ಗುಳಿ ಇನ್ನೂ ಹಾಗೇ ಇತ್ತು. ಚಪ್ಪಲಿ ಬಿಡುವುದನ್ನೂ ಮರೆತು ನಾನು ಅಲ್ಲೇ ನಿಂತೆ. ಬನಿಯನ್ನಿಗಾಗಿ ಬಸ್ಸಿನ ಹಿಂದೆ ಓಡಿದವಳು ಈಗ ಯಾವ ಬಸ್ಸಿನ ಹಿಂದೆ ಓಡಲಿ?

ಇಲ್ಲಿ ನಿಮಗೊಂದು ಮಾತು ಹೇಳಬೇಕು. ರೇಷ್ಮೆ ಹುಳ ಸಾಕುವ ಮನೆಯವರಿಗೆ ಸೊಳ್ಳೆಪರದೆ ಇಲ್ಲದೆ ಗತಿಯಿಲ್ಲ. ಸೊಳ್ಳೆ ಬತ್ತಿ ಹಚ್ಚಿದರೆ ಆ ಹೊಗೆಗೆ ಹುಳ ಸಾಯುತ್ತವೆ. ಊದುಬತ್ತಿ ಬೇಡ, ಸೆಂಟು ಬೇಡ, ಮೆಣಸಿನಕಾಯಿ ಘಾಟು ಬೇಡ. ಹುಳದ ಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿರುತ್ತದೆ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಸುಣ್ಣ ತುಳಿದೇ ಒಳಗೆ ಹೋಗಬೇಕು. ಮಕ್ಕಳಾಗಿದ್ದಾಗ ನಾನೂ ಲೋಕಿಯೂ ಒಂದೇ ಪರದೆಯೊಳಗೆ ಮಲಗುತ್ತಿದ್ದೆವು. ಅದೇ ನಮ್ಮ ಡೇರೆ. ಚಂದ್ರಂಕಿ ಅಂತ ಒಂದಿರುತ್ತದೆ, ಹುಳ ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟೆ. ಹಳೆಯದೊಂದನ್ನು ಅಡ್ಡ ಹಿಡಿದರೆ ಅದೇ ಗುರಾಣಿ. ಲೋಕಿ ಯಾವಾಗಲೂ ಸಾಯುವ ಪಾತ್ರವನ್ನೇ ಕೇಳಿಕೊಳ್ಳುತ್ತಿದ್ದ. ಅವನಿಗೆ ಬಿದ್ದು ಒದ್ದಾಡುವುದರಲ್ಲಿ ಭಾರೀ ಆಸೆ. ನಾನೊಮ್ಮೆ ನೆಂಟರ ಮದುವೆಗೆ ಸೆಂಟು ಪೂಸಿಕೊಂಡು ಹೋಗಿ ಬಂದಾಗ ಅವ್ವ ನನ್ನನ್ನು ಒಳಗೇ ಸೇರಿಸದೆ, ಹಿತ್ತಿಲಲ್ಲಿ ನಿಲ್ಲಿಸಿ ಸೀಗೆಪುಡಿಯಲ್ಲಿ ತಿಕ್ಕಿ ತಿಕ್ಕಿ ಮೀಯಿಸಿದ್ದಳು. ಹುಳದ ಮನೆಯ ಮಗಳಾಗಿ ನಾನು ಕಂಡ ಸುಖ ಇದು.

ಲೋಕಿ ದೊಡ್ಡವನಾಗಿ ಸೈನ್ಯಕ್ಕೆ ಹೋದ ಮೇಲೂ ರಜೆಗೆ ಬರುವಾಗ ತನ್ನ ಪರದೆಯನ್ನು ಮಡಚಿ ತರುತ್ತಿದ್ದ. ತರುವ ಹಾಗಿಲ್ಲವಂತೆ, ಆದರೂ ತರುತ್ತಿದ್ದ. ಹೊರಡುವ ದಿನ ನಾನೇ ಬಿಚ್ಚಿ, ಒಗೆದು, ಬ್ಯಾಗಿನ ತಳಕ್ಕೆ ಹಾಕುತ್ತಿದ್ದೆ.

ಅವ್ವ ಹುಳದ ಮನೆಯಿಂದ ಹಿಪ್ಪುನೇರಳೆ ಸೊಪ್ಪಿನ ಕಡ್ಡಿಗಳನ್ನು ಹೊತ್ತು ಬಂದು, "ಬಂದ್ಯಾ ಮಗ? ಕಾಲ್ ತೊಳ್ಕೊಂಡ್ ಬಾ, ಸೊಪ್ಪ್ ಆಕ್ಬೇಕು," ಅಂದಳು. ಮಗ ಯುದ್ಧಕ್ಕೆ ಹೋದ ತಾಯಿ ಮಾತಾಡುವ ರೀತಿಯೇ ಇದು? ನನಗೆ ರೇಗಿತು. ಪರದೆಯ ಕಡೆ ಕೈ ತೋರಿಸಿ, "ಅದನ್ನ ಯಾರೂ ಮುಟ್ಬೇಡಿ," ಅಂದೆ. ಅವ್ವ ಪರದೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆವೋ ಆ ದೇವರೇ ಬಲ್ಲ. ಹುಳ ಹಣ್ಣಾಗಿ ಗೂಡು ಕಟ್ಟುವುದಕ್ಕೆ ಮುಂಚಿನ ಕೊನೆಯ ಹಂತದಲ್ಲಿದ್ದವು, ಎಷ್ಟು ಸೊಪ್ಪು ಹಾಕಿದರೂ ಸಾಲದು. ಅವು ಮೇಯುವ ಸದ್ದು ಸೋನೆ ಮಳೆಯ ಹಾಗೆ ಒಂದೇ ಸಮನೆ ಕೇಳುತ್ತಿತ್ತು. ಲೋಕಿ ಬೇಡ ಅಂದಿದ್ದರೂ ನಾನು ಟಿವಿ ಹಾಕುತ್ತಿದ್ದೆ. ಅದರಲ್ಲಿ ಭೂಪಟ, ಕೆಂಪು ಬಾಣ, ಟೈ ಕಟ್ಟಿಕೊಂಡು ಕಿರುಚುವ ಗಂಡಸರು. ಅವರಿಗೆ ಏನೂ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು, ಆದರೂ ಹಾಕುತ್ತಿದ್ದೆ. ಲೋಕಿಯ ನಂಬರಿಗೆ ಫೋನು ಮಾಡಿದರೆ ಅದೇ ಹೆಂಗಸು ಅದೇ ದನಿಯಲ್ಲಿ ಸ್ವಿಚ್ ಆಫ್ ಅನ್ನುತ್ತಿದ್ದಳು. ಅವಳನ್ನು ನಾನು ಬಾಯಿಗೆ ಬಂದ ಹಾಗೆ ಬೈದಿದ್ದೇನೆ.

ಪಕ್ಕದ ಮನೆಯ ಜಯಮ್ಮ ದಿನಾ ಸೆರಗನ್ನು ಬಾಯಿಗೆ ಹಿಡಿದೇ ಬರುತ್ತಿದ್ದಳು. ಅಳಲು ತಯಾರಾಗಿ ಬಂದವಳು, ಕಾರಣವೊಂದು ಸಿಕ್ಕಿದರೆ ಸಾಕಿತ್ತು. ಅವ್ವ ಗೇಟಿನಲ್ಲೇ ತಡೆಯುತ್ತಿದ್ದಳು. "ಜಯಾ, ಹುಳ ಹಣ್ಣಾಯ್ತಾ ಅವೆ ಕಣವ್ವ. ಯಾರೂ ಒಳಕ್ಕೆ ಬರಂಗಿಲ್ಲ. ಸದ್ದೂ ಆಗಂಗಿಲ್ಲ."

ಹೊರಗಿನವರು ಹುಳದ ಮನೆಗೆ ಬರಬಾರದು ಅನ್ನುವುದು ನಿಜ. ಗೇಟಿನಿಂದಾಚೆಗೇ ನಿಲ್ಲಬೇಕು ಅಂತೇನಿಲ್ಲ. ಸದ್ದಿನ ಮಾತಂತೂ ಅಪ್ಪಟ ಸುಳ್ಳು. ಅವ್ವ ಆಯುಷ್ಯವಿಡೀ ಹುಳದ ಮನೆಯಲ್ಲಿ ನಿಂತು ನಮ್ಮನ್ನು ಗಟ್ಟಿ ಗಂಟಲಲ್ಲಿ ಬೈದವಳು, ಒಂದು ಹುಳವೂ ಬೇಜಾರು ಮಾಡಿಕೊಂಡಿರಲಿಲ್ಲ. ಆದರೆ ಸೀಮೆಯಲ್ಲೆಲ್ಲ ಹುಳದ ಹೆಸರು ಹೇಳಿದರೆ ಎದುರು ಮಾತಿಲ್ಲ. ಜಯಮ್ಮ ತನ್ನ ಕಣ್ಣೀರನ್ನು ವಾಪಸ್ಸು ತೆಗೆದುಕೊಂಡು ಹೋಗುತ್ತಿದ್ದಳು.

ಮನೆಯಲ್ಲಿ ನಾನೊಬ್ಬಳೇ ಆ ಪರದೆಯನ್ನು ಕಾಯುತ್ತಿದ್ದೆ. ಗಾಳಿಗೆ ಅದು ಉಬ್ಬಿದರೆ ಒಳಗೆ ಯಾರೋ ಮಗ್ಗುಲಾದಂತೆ ಕಾಣುತ್ತಿತ್ತು. ನೋಡಬಾರದು ಅಂದುಕೊಂಡು ನೋಡುತ್ತಿದ್ದೆ. ಬೋರ್ಡಿನ ಮೇಲೆ ನಾನೇ ಬರೆದ ಸಾಲುಗಳು ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ಸಾಯಲಿರುವವನ ಹಾಸಿಗೆ, ಹೆಣಕ್ಕೆ ಹೊದಿಸುವ ಕೋರಾ ಬಟ್ಟೆಯನ್ನು ಸೂಚಿಸುವ ಪರದೆ, ಗುಳಿ ಬಿದ್ದ ದಿಂಬು. ಹತ್ತು ಅಂಕದ ಪ್ರಶ್ನೆಗೆ ಆಗುವಷ್ಟು ಸರಕು ನಮ್ಮ ಜಗಲಿಯಲ್ಲೇ ಇತ್ತು. ಥೂ, ಎಂಥ ವಿದ್ಯೆ ಕಲಿತೆನಪ್ಪಾ ನಾನು ಅನ್ನಿಸಿತು.

ಒಂದು ಮಧ್ಯಾಹ್ನ ತೋಟದಿಂದ ಸೊಪ್ಪು ಹೊತ್ತು ಬಂದರೆ ಮಂಚ ಬೋಳಾಗಿ ನಿಂತಿದೆ. ದಾರಗಳು ನೇತಾಡುತ್ತಿವೆ, ಪರದೆ ಇಲ್ಲ. ಹುಳದ ಮನೆಯಿಂದ ಸುತ್ತಿಗೆಯ ಸದ್ದು. ಹೊರೆಯನ್ನು ಅಲ್ಲೇ ಒಗೆದು ಓಡಿದೆ. ಅವ್ವ ಸ್ಟೂಲಿನ ಮೇಲೆ ನಿಂತು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಲೋಕಿಯ ಪರದೆಯನ್ನು ಕತ್ತರಿಸಿ ಕಿಟಕಿಗೆ ಹೊಡೆಯುತ್ತಿದ್ದಳು. ಉಳಿದ ತುಂಡು ನೆಲದ ಮೇಲೆ ಬಿದ್ದಿತ್ತು.

"ಅವ್ವಾ! ಏನ್ ಮಾಡ್ಬಿಟ್ಟೆ?"

ಅವ್ವ ಬಾಯಿಂದ ಮೊಳೆ ತೆಗೆದಳು. "ಜಾಲರಿ ಹರ್ದೋಗೈತೆ. ಊಜಿ ನೊಣ ಒಳಕ್ಕೆ ನುಗ್ತಾ ಅವೆ. ಹುಳದ್ ಮ್ಯಾಲೆ ಮೊಟ್ಟೆ ಇಕ್ಕುದ್ರೆ ಬೆಳೇನೆ ಓಯ್ತದೆ. ಇನ್ನೇನ್ ಹೊಡೀಲಿ, ನನ್ ಸೀರೆನಾ?"

"ಕನಕಪುರದಲ್ಲಿ ಹೊಸ ಜಾಲರಿ ಸಿಗ್ತಿತ್ತಲ್ಲ! ನಾನೇ ತರ್ತಿದ್ದೆ."

"ನೀನ್ ಬಸ್ಸಲ್ಲಿ ಓಗಿ ಬರೋಗಂಟ ನೊಣ ಕಾಯ್ತದಾ?"

"ಅದು ಲೋಕಿ ಮಲಗಿದ್ದ ಪರದೆ ಕಣವ್ವ. ಕತ್ತರಿ ಹಾಕೋಕೆ ಮನಸ್ಸಾದ್ರೂ ಹೆಂಗೆ ಬಂತು ನಿಂಗೆ?"

"ಗೊತ್ತು ಕಣೆ. ನನಗೇನ್ ಕಣ್ ಕಾಣಕ್ಕಿಲ್ವಾ? ಆ ಮೊಳೆ ಕೊಡಿಲ್ಲಿ."

ಮೊಳೆ ಕೊಟ್ಟೆ. ಕೊಡದೆ ಏನು ಮಾಡಲಿ, ಹೊಡೆಯುವವಳು ಅವ್ವ. ಆದರೆ ಅವತ್ತು ಅವ್ವನ ಜೊತೆ ಮಾತು ಬಿಟ್ಟೆ. ಕಲ್ಲು ಮನಸ್ಸಿನ ಹೆಂಗಸು, ಮಗನಿಗಿಂತ ಇವಳಿಗೆ ಹುಳವೇ ಹೆಚ್ಚು ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಒಂದೇ ತಟ್ಟೆಯ ಹುಳಕ್ಕೆ ಆಚೆಯಿಂದ ಅವಳು, ಈಚೆಯಿಂದ ನಾನು ಸೊಪ್ಪು ಹಾಕಿದೆವು. ಮುಖ ನೋಡಲಿಲ್ಲ.

ಹುಳ ಹಣ್ಣಾಗಲು ಶುರುವಾದ ಬೆಳಿಗ್ಗೆ ಜೀಪು ಬಂತು.

ನಾನು ಜಗಲಿಯಲ್ಲಿ ಕೂತು ಚಂದ್ರಂಕಿಯ ಧೂಳು ಒರೆಸುತ್ತಿದ್ದೆ. ಹುಣಸೆಮರದ ಕೆಳಗೆ ಸರ್ಕಾರಿ ಜೀಪೊಂದು ನಿಂತಿತು. ಇಬ್ಬರು ಇಳಿದರು. ಒಬ್ಬ ಖಾಕಿಯವನು, ಪೊಲೀಸು. ಇನ್ನೊಬ್ಬ ಬಿಳಿ ಶರ್ಟಿನವನು. ಗೇಟಿನಲ್ಲಿ ನಿಂತು ನಮ್ಮ ಮನೆಯ ಕಡೆ ನೋಡಿದರು. ತಮ್ಮತಮ್ಮಲ್ಲೇ ಮೆಲ್ಲಗೆ ಏನೋ ಮಾತಾಡಿಕೊಂಡರು. ಯುದ್ಧದ ಕತೆ ಓದಿದವರಿಗೆ ಈ ಪುಟ ಗೊತ್ತು. ಮನೆ ಬಾಗಿಲಿಗೆ ಇಬ್ಬರು ಬರುತ್ತಾರೆ. ಯಾವಾಗಲೂ ಇಬ್ಬರೇ.

ಧೂಳಿನ ಬಟ್ಟೆ ಹಿಡಿದುಕೊಂಡೇ ಕೂತೆ. ಪೊಲೀಸಿನವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದ. ಪೊಲೀಸಿನವರು ಬೂಟು ಬಿಚ್ಚಿ ಯಾರ ಮನೆಗೆ ಬರುತ್ತಾರೆ ಹೇಳಿ? ಹೆಣದ ಮುಂದೆ ಬಿಚ್ಚುತ್ತಾರೆ, ಹೆಣದ ಸುದ್ದಿ ತಂದಾಗ ಬಿಚ್ಚುತ್ತಾರೆ. ಇಷ್ಟು ನನಗೆ ಖಾತ್ರಿಯಾಯಿತು. ಒಂದು ಬೂಟಿನ ದಾರ ಗಂಟಾಗಿತ್ತು. ಅವನು ಎಳೆದ, ಬರಲಿಲ್ಲ. ಉಗುರಿನಲ್ಲಿ ಕೆದಕಿದ. ಬಿಳಿ ಶರ್ಟಿನವನು ಸುಮ್ಮನೆ ನಿಂತು ನೋಡುತ್ತಿದ್ದ. ಹೇಳಬೇಕೋ ಬೇಡವೋ, ಆ ಹೊತ್ತಿನಲ್ಲೂ ನನ್ನ ಹಾಳು ತಲೆಯ ಒಂದು ಮೂಲೆ, ಬೂಟಿನ ಗಂಟು ಚೆನ್ನಾಗಿದೆ, ಇದನ್ನು ಯಾರೂ ಬರೆದಿಲ್ಲ ಅಂತು. ಆ ಮೂಲೆಗೆ ಬೆಂಕಿ ಹಾಕಬೇಕು ಅನ್ನಿಸಿತು.

ಅವ್ವ ಹುಳದ ಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಒಂದು ಹಿಡಿ ಸೊಪ್ಪು. ಜೀಪನ್ನು ನೋಡಿದಳು, ಬೂಟು ಬಿಚ್ಚುತ್ತಿದ್ದವನನ್ನು ನೋಡಿದಳು. ಬಾಗಿಲಲ್ಲೇ ನಿಂತಳು. ಇಬ್ಬರೂ ತೊಟ್ಟಿಯ ಹತ್ತಿರ ಹೋಗಿ ನೀರು ಮೊಗೆದು ಕೈಕಾಲು ತೊಳೆದರು. ನಿಧಾನವಾಗಿ ತೊಳೆದರು, ಹಿಮ್ಮಡಿಯನ್ನೂ ಉಜ್ಜಿದರು. ಅಂಗಳ ದಾಟಿ ಬಂದು ಪೊಲೀಸಿನವನು ಅವ್ವನಿಗೆ ಕೈ ಮುಗಿದ.

"ಹುಳ ಹಣ್ಣಾಯ್ತಾ ಅವೇನ್ರವ್ವ? ಬಾಗ್ಲಲ್ಲಿ ಸುಣ್ಣ ಕಾಣುಸ್ತು, ಅದ್ಕೇ ಬೂಟ್ ಅಲ್ಲೇ ಬುಟ್ಟೆ. ನಮ್ಮನೇಲೂ ಸಾಕ್ತೀವಿ."

ನನಗೆ ಅದೆಲ್ಲಿತ್ತೋ ದನಿ. "ರೀ! ಬಂದಿರೋದು ಯಾಕೆ ಅದನ್ನ ಮೊದ್ಲು ಹೇಳ್ರೀ!" ಅಂತ ಕಿರುಚಿದೆ.

ಅವನು ಹೆದರಿ ಒಂದು ಹೆಜ್ಜೆ ಹಿಂದಕ್ಕೆ ಹೋದ. "ಏನಿಲ್ಲ ಮೇಡಂ, ಏನಿಲ್ಲ. ಸೈನ್ಯದಲ್ಲಿರೋರ ಮನೇಗೆಲ್ಲ ಓಗಿ ವಿಚಾರಿಸ್ಕೊಂಡು, ಒಸಿ ಧೈರ್ಯ ಯೋಳಿ ಬನ್ನಿ ಅಂತ ಕಳುಸವ್ರೆ."

ಧೈರ್ಯ! ನಾನು ಕಂಬ ಹಿಡಿದುಕೊಂಡು ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ. ಬಿಳಿ ಶರ್ಟಿನವನು ಪಂಚಾಯ್ತಿ ಕಡೆಯವನಂತೆ, ಪಾಪ, ಗಾಬರಿಯಾಗಿ ನೀರು ಕೇಳಿದ. ಅವ್ವ ನನಗೆ ಮಜ್ಜಿಗೆ ತರಲು ಹೇಳಿದಳು. ಅವರು ಕುಡಿದರು. ಗೂಡಿಗೆ ರೇಟು ಹೇಗಿದೆಯೋ, ಮಾರ್ಕೆಟ್ಟಿಗೆ ರಾಮನಗರಕ್ಕೆ ಹಾಕುತ್ತೀರೋ ಅಂತ ಎರಡು ಮಾತಾಡಿ, ಧೈರ್ಯ ಹೇಳುವುದನ್ನು ಪೂರ್ತಿ ಮರೆತು, ಬೂಟು ಹಾಕಿಕೊಂಡು ಹೊರಟರು. ಜೀಪು ತಿರುವು ದಾಟುವ ತನಕ ಅವ್ವ ನಿಂತೇ ಇದ್ದಳು.

ಆಮೇಲೆ ನಾನು ಅವ್ವನ ಕೈ ನೋಡಿದೆ. ಹಿಡಿದಿದ್ದ ಸೊಪ್ಪು ಮುಷ್ಟಿಯಲ್ಲೇ ನುಜ್ಜುಗುಜ್ಜಾಗಿ, ಹಸಿರು ರಸ ಮಣಿಕಟ್ಟಿನಿಂದ ಮೊಣಕೈಗೆ ಇಳಿದಿತ್ತು. ಬಳೆಗಳೆಲ್ಲ ಹಸಿರಾಗಿದ್ದವು. ಅವಳೇ ಬೆರಳು ಬಿಡಿಸಲು ಹೋದರೆ ಆಗಲಿಲ್ಲ, ಒಂದೊಂದಾಗಿ ನಾನೇ ಬಿಡಿಸಬೇಕಾಯಿತು.

"ಅವ್ವಾ, ನೀನೂ..."

"ಮತ್ತೆ? ನೀನೊಬ್ಬಳೇ ಅಂದ್ಕಂಡ್ಯಾ?" ಅವ್ವ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. "ಆ ಪರದೆ ಖಾಲಿ ಮಂಚದ್ ಮ್ಯಾಲೆ ಇಳೀಬಿದ್ದಿರೋದು ನೋಡಕ್ಕಾಯ್ತಿರ್ನಿಲ್ಲ ಕಣೆ. ಬೆಳಿಗ್ಗೆ ಎದ್ರೆ ಅದೇ, ಮನೀಕಳಕ್ಕೋದ್ರೂ ಅದೇ. ಎದೆ ಮ್ಯಾಲೆ ಕೂತಂಗಿತ್ತು. ನೀನು ಮುಟ್ಬ್ಯಾಡ ಅಂತೀಯ. ಮಡಗಿ ಪೂಜೆ ಮಾಡಕ್ಕೆ ಅವ್ನಿಗೇನಾಗೈತೆ ಈಗ? ಅವ್ನು ಇರೋನು. ಇರೋನ್ ಸಾಮಾನು ಕೆಲ್ಸಕ್ಕಾಕ್ಬೇಕು ಅಂತ ಎದ್ದು ಕತ್ತರಿ ತಕ್ಕಂಡೆ."

ಅಷ್ಟು ಹೇಳಿ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತು ಅವಳ ಹಸಿರು ಕೈಯನ್ನು ಹಿಡಿದುಕೊಂಡೆ. ಕಲ್ಲು ಮನಸ್ಸಿನ ಹೆಂಗಸು ಅಂದುಕೊಂಡಿದ್ದ ನನ್ನ ತಲೆಗೆ ಏನು ಹೇಳಲಿ? ಗೇಟಿನಾಚೆ ಜಯಮ್ಮ ಇಣುಕಿದಳು. ಅವ್ವ ಸೆರಗಿನೊಳಗಿಂದಲೇ, "ಜಯಾ, ಹುಳ!" ಅಂತ ಗದರಿದಳು. ಜಯಮ್ಮ ಮಾಯವಾದಳು.

ಮಾರನೆಯ ದಿನ ಹುಳಗಳು ಒಟ್ಟಿಗೇ ಹಣ್ಣಾದವು. ಮೈ ಹಳದಿಯಾಗಿ, ಮೇಯುವುದನ್ನು ಬಿಟ್ಟು, ತಲೆಯೆತ್ತಿ ಆಡಿಸತೊಡಗಿದವು. ಆಗ ಅವನ್ನು ಆರಿಸಿ ಆರಿಸಿ ಚಂದ್ರಂಕಿಗೆ ಬಿಡಬೇಕು, ತಡವಾದರೆ ಸಿಕ್ಕ ಸಿಕ್ಕಲ್ಲಿ ಗೂಡು ಕಟ್ಟಿಬಿಡುತ್ತವೆ. ನಮ್ಮ ನಾಲ್ಕು ಕೈಗೂ ಬಿಡುವಿಲ್ಲ. ಆಗಲೇ ಕಿಟಕಿಯ ಮೇಲಿಟ್ಟಿದ್ದ ನನ್ನ ಫೋನು ಹೊಡೆದುಕೊಂಡಿತು. ಯಾವುದೋ ಗೊತ್ತಿಲ್ಲದ ನಂಬರು. ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

"ಅಕ್ಕಾ, ನಾನು ಕಣಕ್ಕ."

ಅವ್ವ ಅಂಗೈಯಲ್ಲಿ ಹುಳಗಳನ್ನು ಹಿಡಿದುಕೊಂಡೇ ಕಿಟಕಿಗೆ ಬಂದಳು. ಬಿದ್ದು ಹೋದಾವು ಅಂತ ಒಂದು ಕೈಯ ಕೆಳಗೆ ಇನ್ನೊಂದು ಕೈ ಇಟ್ಟುಕೊಂಡಿದ್ದಳು.

"ಲೋಕಿ? ಎಂಗಿದ್ದೀಯಪ್ಪ? ಉಂಡ್ಯಾ?"

"ಉಂಡೆ ಕಣವ್ವ. ಚೆಂದಾಗಿವ್ನಿ. ಸಾಹೇಬ್ರ ಫೋನು, ಜಾಸ್ತಿ ಮಾತಾಡಂಗಿಲ್ಲ. ಇನ್ನೂ ಮುಂದುಕ್ಕೆ ಓಗ್ಬೇಕು ನಾವು." ಒಂದು ಕ್ಷಣ ಗೊರಗೊರ ಸದ್ದು. ಮತ್ತೆ ಅವನ ದನಿ, ಈ ಸಲ ಕಳ್ಳ ದನಿ. "ಅಕ್ಕಾ, ಒಂದ್ ಎಡವಟ್ಟಾಗೈತೆ. ಸೊಳ್ಳೆಪರದೆ ಅಲ್ಲೇ ಬುಟ್ಟು ಬಂದ್ಬುಟ್ಟಿವ್ನಿ. ಅದು ಸರ್ಕಾರದ್ದು, ನಂಬರ್ ಐತೆ ಅದ್ರ ಮ್ಯಾಲೆ. ವಾಪಸ್ ಕೊಡ್ಲಿಲ್ಲ ಅಂದ್ರೆ ಸ್ಟೋರ್‌ನೋರು ಜೀವ ತಿಂತಾರೆ. ಜೋಪಾನವಾಗಿ ಮಡಗಿರಿ, ಏನ್ ಕೇಳುಸ್ತಾ?"

ನಾನೂ ಅವ್ವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಎದುರಿಗೇ ಕಿಟಕಿಯಲ್ಲಿ, ನಂಬರಿನ ಮೇಲೇ ಮೊಳೆ ಹೊಡೆಸಿಕೊಂಡು, ಸರ್ಕಾರದ ಪರದೆ ಬಿಸಿಲಿಗೆ ನಿಂತಿತ್ತು. ನಾನು ಊಟ ಬಿಟ್ಟು ಕಾದಿದ್ದ ಸಾವಿನ ಸಂಕೇತ ಅವನಿಗೆ ಸ್ಟೋರಿನಲ್ಲಿ ಬೈಸಿಕೊಳ್ಳುವ ಸಾಮಾನು.

"ಕತ್ತರ್ಸಿ ಹುಳದ್ ಮನೆ ಕಿಟಕೀಗೆ ಹೊಡ್ದಿವ್ನಿ ಕಣ್ಲಾ," ಅಂದಳು ಅವ್ವ.

"ಅಯ್ಯಯ್ಯೋ ಅವ್ವಾ! ಕತ್ತರ್ಸಿ? ನನ್ನ ಕೇಳ್ಬಾರ್ದಾ? ಕಿತ್ತಾಕು, ಹೊಲಿಗೆ ಹಾಕ್ಸಾನ..."

"ನಾನ್ ಕೀಳಕ್ಕಿಲ್ಲ." ಅವ್ವನ ದನಿ ಗಟ್ಟಿಯಾಗಿತ್ತು. "ಬಲವಾಗಿ ಮೊಳೆ ಹೊಡ್ದಿವ್ನಿ. ಬೇಕಾದ್ರೆ ಬಂದು ನೀನೇ ಕಿತ್ಕೊಂಡ್ ಓಗು."

ಫೋನಿನಲ್ಲಿ ಮತ್ತೆ ಗೊರಗೊರ ಸದ್ದು. ಲೈನು ಕಟ್ಟಾಯಿತು ಅಂದುಕೊಂಡೆ.

"ಬತ್ತೀನಿ ಕಣವ್ವ," ಅಂದ ಲೋಕಿ.

ಆಮೇಲೆ ನಿಜವಾಗಿಯೂ ಕಟ್ಟಾಯಿತು.

ಗಡಿಯ ಗಲಾಟೆ ಈಗ ತಣ್ಣಗಾಗಿದೆ ಅನ್ನುತ್ತಾರೆ. ಟಿವಿಯವರು ಬೇರೆ ಏನಕ್ಕೋ ಕಿರುಚುತ್ತಿದ್ದಾರೆ. ಲೋಕಿ ಆಗೊಮ್ಮೆ ಈಗೊಮ್ಮೆ ಬೇರೆ ಬೇರೆ ನಂಬರಿನಿಂದ ಮಾತಾಡುತ್ತಾನೆ. ಅವನಿಗೆ ರಜೆ ಇನ್ನೂ ಸಿಕ್ಕಿಲ್ಲ. ನಾನು ತರಗತಿಯಲ್ಲಿ ಯುದ್ಧದ ಕತೆ ಬಂದರೆ ಸಂಕೇತದ ಪ್ರಶ್ನೆಯನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಮಕ್ಕಳು ಖುಷಿಯಾಗಿದ್ದಾರೆ.

ಮೊನ್ನೆ ಊರಿಗೆ ಹೋಗುವಾಗ ಕನಕಪುರದಲ್ಲಿ ಇಳಿದು ಒಳ್ಳೆಯ ನೈಲಾನ್ ಜಾಲರಿ ತೆಗೆದುಕೊಂಡು ಹೋದೆ. ಅವ್ವ ಅದನ್ನು ಬೇರೆ ಕಿಟಕಿಗಳಿಗೆ ಹೊಡೆಸಿದಳು. ಹಸಿರು ಪರದೆಯಿರುವ ಕಿಟಕಿಯನ್ನು ಮುಟ್ಟಗೊಡಲಿಲ್ಲ. ಹತ್ತಿರ ಹೋಗಿ ನೋಡಿದರೆ ಕಿಟಕಿಯ ಕಟ್ಟೆಯ ಮೇಲೆ ಮೊಳೆ ಕೀಳುವ ಹಳೆಯ ಇಕ್ಕಳ ಇತ್ತು. ಅಪ್ಪ ಬದುಕಿದ್ದಾಗಿನದು, ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದಿದ್ದುದು. ಈಗ ತುಕ್ಕು ಕೆರೆದು, ಎಣ್ಣೆ ಹಚ್ಚಿ, ಒಂದು ಬಟ್ಟೆಯ ಮೇಲೆ ಇಟ್ಟಿದ್ದಳು.

"ಇದ್ಯಾಕವ್ವ ಇಲ್ಲಿ?" ಅಂದೆ.

ಅವ್ವ ಸೊಪ್ಪು ಹರಡುತ್ತಿದ್ದವಳು ತಿರುಗಿ ನೋಡಲಿಲ್ಲ.

"ಅವ್ನು ಬಂದಾಗ ಉಡುಕ್ತಾ ಕೂತ್ಕಬಾರ್ದಲ್ಲ ಮಗ."